ಗ್ರ್ಯಾಂಡ್ ಜ್ಯೂರಿ ದಾಖಲೆ: ಇತಿಹಾಸಕ್ಕಾಗಿ ತೆರೆಯಬೇಕೇ?

ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಪರ ಮೊಕದ್ದಮೆ ನಡೆಸುವ ಫೆಡರಲ್ ಪ್ರಾಸಿಕ್ಯೂಟರ್‌ಗಳ ಮಹತ್ವದ ಹಳೆಯ ಕಡತಗಳು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಸೇರುತ್ತವೆ. ಅವುಗಳಲ್ಲಿ ಒಂದು ಭಾಗ ಮಾತ್ರ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಅದು ಗ್ರ್ಯಾಂಡ್ ಜ್ಯೂರಿ ಮುಂದೆ ಹೇಳಿದ ಸಾಕ್ಷ್ಯ. ಈ ಜ್ಯೂರಿಯಲ್ಲಿ 16ರಿಂದ 23 ಸಾಮಾನ್ಯ ನಾಗರಿಕರು ಬಾಗಿಲು ಹಾಕಿಕೊಂಡು ಸಾಕ್ಷಿಗಳ ಮಾತು ಕೇಳುತ್ತಾರೆ. ಆರೋಪ ಹೊರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಪರ

1951ರಲ್ಲಿ ನ್ಯೂಯಾರ್ಕಿನಲ್ಲಿ ಜೂಲಿಯಸ್ ಮತ್ತು ಎಥೆಲ್ ರೋಸೆನ್‌ಬರ್ಗ್ ದಂಪತಿಯ ವಿಚಾರಣೆ ನಡೆಯಿತು. ಅಣುಬಾಂಬಿನ ಗುಟ್ಟನ್ನು ಸೋವಿಯತ್ ಒಕ್ಕೂಟಕ್ಕೆ ದಾಟಿಸುವ ಸಂಚು ಎಂಬುದು ಆರೋಪ. ಆ ಗುಟ್ಟಿನ ಟಿಪ್ಪಣಿಗಳನ್ನು ಟೈಪ್ ಮಾಡಿದ್ದು ಎಥೆಲ್ ಎಂದು ಆಕೆಯ ಸ್ವಂತ ತಮ್ಮ ಡೇವಿಡ್ ಗ್ರೀನ್‌ಗ್ಲಾಸ್ ಸಾಕ್ಷಿ ಹೇಳಿದ. ಅವನ ಹೆಂಡತಿ ರೂತ್ ಕೂಡ ಅದನ್ನೇ ಹೇಳಿದಳು. 1953ರ ಜೂನ್ 19ರಂದು ಸಿಂಗ್ ಸಿಂಗ್ ಜೈಲಿನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ವಿದ್ಯುತ್ ಕುರ್ಚಿಯಲ್ಲಿ ಕೊಂದರು. ಅವರ ಗಂಡುಮಕ್ಕಳಿಗೆ ಆಗ 10 ಮತ್ತು 6 ವರ್ಷ.

2008ರಲ್ಲಿ ರೂತ್‌ಳ ಗ್ರ್ಯಾಂಡ್ ಜ್ಯೂರಿ ಸಾಕ್ಷ್ಯ ಹೊರಬಂತು. ಟಿಪ್ಪಣಿಯನ್ನು ತಾನೇ ಕೈಯಲ್ಲಿ ಬರೆದೆ ಎಂದು ಅಲ್ಲಿ ಹೇಳಿದ್ದಳು. ತನ್ನ ಸಾಕ್ಷ್ಯ ತೆರೆಯಲು ಡೇವಿಡ್ ಒಪ್ಪಲಿಲ್ಲ. ಅವನು 2014ರಲ್ಲಿ ತೀರಿಕೊಂಡ ಮೇಲೆ, 2015ರಲ್ಲಿ ಅದೂ ಬಂತು. ಅಕ್ಕನ ಹತ್ತಿರ ಈ ವಿಷಯ ಮಾತೇ ಆಡಿಲ್ಲ ಎಂದು ಅವನು 1950ರ ಆಗಸ್ಟಿನಲ್ಲಿ ಹೇಳಿದ್ದ!

ಎಥೆಲ್ ಪೂರ್ತಿ ನಿರಪರಾಧಿಯೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆಕೆಯನ್ನು ಸಾವಿಗೆ ದೂಡಿದ ಮಾತು ನಡುವೆ ಬದಲಾಗಿತ್ತು. ಅದು ಪ್ರಾಸಿಕ್ಯೂಟರ್ ಕಡೆಯವರಿಗೆ ಗೊತ್ತಿತ್ತು. ಜನರಿಗೆ ಗೊತ್ತಾಗಲು 55 ವರ್ಷ ಬೇಕಾಯಿತು. ಸರ್ಕಾರವೇ ಜೀವ ತೆಗೆದ ಪ್ರಕರಣದಲ್ಲಿ ಇಷ್ಟು ಕಾಲದ ಗುಟ್ಟು ಯಾರನ್ನು ಕಾಪಾಡಿತು? ಸುಳ್ಳು ಹೇಳಿದವರನ್ನು ತಾನೆ?

ವಿರೋಧ

ಎಲ್ಲ ಪ್ರಕರಣಗಳೂ ಹೀಗೆ ಶಿಕ್ಷೆಯವರೆಗೆ ಹೋಗುವುದಿಲ್ಲ. 1946ರ ಜುಲೈ 25ರಂದು ಜಾರ್ಜಿಯಾದ ಮೂರ್ಸ್ ಫೋರ್ಡ್ ಸೇತುವೆ ಹತ್ತಿರ ಬಿಳಿಯರ ಗುಂಪೊಂದು ಎರಡು ಕಪ್ಪು ದಂಪತಿಗಳನ್ನು ಗುಂಡಿಟ್ಟು ಕೊಂದಿತು. ಗ್ರ್ಯಾಂಡ್ ಜ್ಯೂರಿ ನೂರಕ್ಕೂ ಜಾಸ್ತಿ ಸಾಕ್ಷಿಗಳನ್ನು ಕೇಳಿತು. ಕೊಲೆಗೆ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಸಾಕ್ಷಿ ಹೇಳಿ ಬಂದ ಕಪ್ಪು ಯುವಕನೊಬ್ಬ ಆಮೇಲೆ ಹೊಡೆತ ತಿಂದ. ಬಾಗಿಲು ಮುಚ್ಚಿದ್ದಾಗಲೇ ಈ ಗತಿ. ನಿನ್ನ ಮಾತು ಮುಂದೊಂದು ದಿನ ಊರಿಗೆಲ್ಲ ಗೊತ್ತಾಗುತ್ತದೆ ಎಂದರೆ, ಅಂಥ ಊರಲ್ಲಿ ಯಾರು ಬಾಯಿ ಬಿಡುತ್ತಾರೆ? ಸಾಕ್ಷಿಗಳು ತೀರಿಕೊಂಡರೂ ಮಕ್ಕಳು, ಮೊಮ್ಮಕ್ಕಳು ಇರುತ್ತಾರಲ್ಲ. ಆರೋಪವೇ ಸಾಬೀತಾಗದವರ ಹೆಸರೂ ಆ ಹಾಳೆಗಳಲ್ಲಿ ಇರುತ್ತದೆ.

ಇತಿಹಾಸಕಾರ ಆಂಥೊನಿ ಪಿಚ್ ಈ ದಾಖಲೆಗಾಗಿ ನ್ಯಾಯಾಲಯಕ್ಕೆ ಹೋದರು. 2020ರಲ್ಲಿ ಅಟ್ಲಾಂಟಾದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಕೊಡಲಾಗದು ಎಂದಿತು. ಗುಟ್ಟು ಬಿಡಬಹುದಾದ ಸಂದರ್ಭಗಳು ನಿಯಮದಲ್ಲೇ ಇವೆ, ಇತಿಹಾಸ ಅದರಲ್ಲಿಲ್ಲ, ನ್ಯಾಯಾಧೀಶರು ಅದನ್ನು ಸೇರಿಸುವಂತಿಲ್ಲ ಎಂಬುದು ಅದರ ವಾದ. ಸತ್ತವರ ಮನೆಯವರಿಗೆ ಇದು ಎಷ್ಟು ನೋವು ತಂದಿರಬೇಕು. ಆದರೂ ಆ ತೀರ್ಪು ಸರಿ. ಎಷ್ಟು ವರ್ಷ ಕಾಯಬೇಕು, ಯಾರ ಹೆಸರು ಮರೆಮಾಡಬೇಕು ಎಂಬುದನ್ನು ಅಮೆರಿಕದ ಸಂಸತ್ತು ಕಾನೂನಿನಲ್ಲಿ ಬರೆಯಲಿ. ಒಬ್ಬೊಬ್ಬ ನ್ಯಾಯಾಧೀಶರ ಮನಸ್ಸಿಗೆ ಬಿಡುವ ವಿಷಯ ಇದಲ್ಲ.