ತಂಬಿಗೆ ಮುಚ್ಚಿದ ಟ್ರಂಪೆಟ್ಟು

ಬಳ್ಳಾರಿಯ ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಗೋಡೆಯ ಬಿಸಿ ಆರುವುದಿಲ್ಲ. ಚಾಪೆ, ನೀರಿನ ತಂಬಿಗೆ, ಮೊಬೈಲು ಹಿಡಿದು ಮಾಳಿಗೆ ಹತ್ತುತ್ತೇನೆ. ಈ ಬೇಸಿಗೆಗೆ ದಿನಾ ಒಂದೇ ಹಾಡು: ಅಮೆರಿಕದ ಜಾಝ್ ವಾದಕ ಮೈಲ್ಸ್ ಡೇವಿಸ್ ಟ್ರಂಪೆಟ್ಟಿನಲ್ಲಿ ನುಡಿಸಿದ 'ಟೈಮ್ ಆಫ್ಟರ್ ಟೈಮ್'. ಮೊದಲು ಪಾಪ್ ಗಾಯಕಿ ಸಿಂಡಿ ಲಾಪರ್ ಹಾಡಿದ್ದು, 1983ರಲ್ಲಿ. ಎರಡೇ ವರ್ಷಕ್ಕೆ ಮೈಲ್ಸ್ ತನ್ನ ಆಲ್ಬಂಗೆ ತಗೊಂಡರು. ಆಗ ಅವರಿಗೆ ಅರವತ್ತರ ಹತ್ತಿರ ವಯಸ್ಸು.

ಪಕ್ಕದ ಮಾಳಿಗೆಯ ಕಾಕಾ ಮದುವೆ ಬ್ಯಾಂಡಿನವರು. ಊದಿ ಊದಿ ಮೇಲ್ದುಟಿಯ ನಡುವೆ ಉಂಗುರ ಒತ್ತಿದಂಥ ಗುರುತು. ಮೊದಲ ದಿನ ಕೇಳಿ, "ಇವ್ರಿಗೆ ಮೈಯಾಗ ಹುಷಾರಿಲ್ಲೇನು ತಮ್ಮಾ? ಒಂದು ಸ್ವರ ಊದ್ತಾರ, ಸುಮ್ಮನಾಗ್ತಾರ" ಅಂದರು.

ಟ್ರಂಪೆಟ್ಟಿನ ಬಾಯಿಗೆ ಅಲ್ಯೂಮಿನಿಯಂ ಬುಡ್ಡಿಯಂಥದ್ದು ಸಿಕ್ಕಿಸಿರ್ತಾರೆ, ಹಾರ್ಮನ್ ಮ್ಯೂಟ್ ಅಂತ. ಸುತ್ತ ಕಾರ್ಕ್ ಇರೋದರಿಂದ ಗಾಳಿಯೆಲ್ಲ ಆ ಬುಡ್ಡಿಯೊಳಗಿಂದಲೇ ಬರಬೇಕು. ಮೈಲ್ಸ್ ಅದರ ನಡುವಿನ ಕೊಳವೆಯನ್ನೂ ತೆಗೆದುಬಿಡುತ್ತಿದ್ದರು. ಮೈಕಿನ ಹತ್ತಿರ ಹಿಡಿದು ಊದಿದರೆ ಯಾರೋ ಕಿವಿಯಲ್ಲಿ ಮಾತಾಡಿದ ಹಾಗೆ. ಇಷ್ಟು ವಿವರಿಸಿದೆ. ಕಾಕಾ ನಕ್ಕರು. "ನಾವು ಮೂರು ಓಣಿಗೆ ಕೇಳ್ಲಿ ಅಂತ ಊದ್ತೀವಿ. ಇವ್ರು ಬಾಯಿ ಕಟ್ಟಿ ಊದ್ತಾರಾ!"

ಮಾತಿಲ್ಲದ ಹಾಡು ನಮಗೇನೂ ಹೊಸದಲ್ಲ. ಮೆರವಣಿಗೆಯಲ್ಲಿ ಬ್ಯಾಂಡಿನವರು ನುಡಿಸೋದೆಲ್ಲ ಅದೇ ಅಲ್ವಾ? ಮಾತನ್ನು ನಾವೇ ಒಳಗೊಳಗೆ ಸೇರಿಸಿಕೊಳ್ಳುತ್ತೇವೆ. ಅಳೋ ಹಾಡಿಗೂ ಡ್ರಮ್ಮು ಜೋರು ಮಾಡಿ ಕುಣಿಸಿಬಿಡುತ್ತಾರೆ. ಯಾರಿಗೂ ತಪ್ಪು ಅನಿಸೋದಿಲ್ಲ, ದುಃಖದ ಸಾಲು ಹಾಡೋರೇ ಅಲ್ಲಿಲ್ಲವಲ್ಲ. ಮೈಲ್ಸ್ ಕೇಳುವಾಗ ನನಗೂ ಆ ಇಂಗ್ಲಿಷ್ ಸಾಲು ಒಂದೂ ನೆನಪಾಗುವುದಿಲ್ಲ. ನೆನಪಾಗೋದು ಅಕ್ಕನನ್ನು ಗಂಡನ ಮನೆಗೆ ಕಳಿಸಿದ ಸಂಜೆ. ಕಾರು ಹೋದ ಮೇಲೆ ಖಾಲಿ ಪೆಂಡಾಲಿನಲ್ಲಿ ಬ್ಯಾಂಡಿನ ಹುಡುಗನೊಬ್ಬ ಕೂತಿದ್ದ. ಟ್ರಂಪೆಟ್ಟಿನ ಕೆಳಗಿನ ಪುಟ್ಟ ಕೀಲಿ ಒತ್ತಿ, ಒಳಗೆ ಸೇರಿದ ನೀರು ಹನಿಹನಿಯಾಗಿ ಇಳಿಸುತ್ತಿದ್ದ. ಕೆಳಗೆ ಅಕ್ಕಿಕಾಳು, ತುಳಿದ ಸೇವಂತಿಗೆ. ಇದಕ್ಕೂ ಆ ಹಾಡಿಗೂ ಏನು ಸಂಬಂಧ ಅಂತ ಕೇಳಬೇಡಿ.

ನಿನ್ನೆ ಕಾಕಾ ತಮ್ಮ ಟ್ರಂಪೆಟ್ಟನ್ನೇ ಮೇಲೆ ತಂದರು. ನನ್ನ ತಂಬಿಗೆ ಇಸ್ಕೊಂಡು, ನೀರು ಚೆಲ್ಲಿ, ಎಡಗೈಲಿ ಅದನ್ನು ಟ್ರಂಪೆಟ್ಟಿನ ಬಾಯಿಗೆ ಅಡ್ಡ ಹಿಡಿದರು. ಎರಡು ಸಾಲು ಊದಿದರು. ಸ್ವರ ಅಲ್ಲಲ್ಲಿ ಬೇರೆ ಇತ್ತು, ನಿಲ್ಲಿಸಿದ ಜಾಗ ಮಾತ್ರ ಸರಿಯಾಗಿತ್ತು. ಮುಂದಿನದಕ್ಕೆ ನಾನು ಕಾಯುತ್ತಿದ್ದೆ.

ಕೆಳಗಿಂದ ಕಾಕಿ ಕೂಗಿದರು: "ಯಾಕ್ರೀ, ಓಣ್ಯಾಗ ಯಾರರ ತೀರ್ಕೊಂಡ್ರೇನು?"