ಬುದ್ಧಿ ಇದೆ, ಓದಲ್ಲ ಅಷ್ಟೇ

ನಮ್ಮ ಶಾಲೆಯಲ್ಲಿ ಓದುವವರಿದ್ದರು, ಓದದವರಿದ್ದರು. ಇವರಿಬ್ಬರ ನಡುವೆ 'ಬುದ್ಧಿ ಇದೆ, ಆದ್ರೆ ಓದಲ್ಲ' ಅನ್ನಿಸಿಕೊಂಡವರು ಕೆಲವರಿದ್ದರು. ನಾನು ಆ ಪೈಕಿ. ಇದು ಸುಮ್ನೆ ಸಿಗುವ ಬಿರುದಲ್ಲ. ಮೇಷ್ಟ್ರೇ ಹೇಳಬೇಕು, ಅದೂ ಅಪ್ಪನ ಎದುರಿಗೆ.

ಇದರ ಲಾಭ ಗೊತ್ತಾಗಿದ್ದು ಹತ್ತನೇ ಕ್ಲಾಸಿನಲ್ಲಿ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. 375 ಬಂದರೆ ಫಸ್ಟ್ ಕ್ಲಾಸ್. ಪಕ್ಕದ ಮನೆಯ ಹುಡುಗ ಬೆಳಗಿನ ಜಾವವೇ ಎದ್ದು, ಮುಖಕ್ಕೆ ತಣ್ಣೀರು ಎರಚಿಕೊಂಡು ಓದಿ 380 ತೆಗೆದ. 'ಅಷ್ಟು ಓದಿ ಇಷ್ಟೇನಾ?' ಅಂತ ಬೈಸಿಕೊಂಡ. ನನಗೆ ಬಂದದ್ದು 371. 'ಓದದೇನೇ ಇಷ್ಟು ಬಂದಿದೆ, ಓದಿದ್ರೆ ರ‍್ಯಾಂಕೇ ಬರ್ತಿತ್ತು' ಅಂದರು ಎಲ್ಲರೂ. ಬರದೇ ಇದ್ದ ಆ ರ‍್ಯಾಂಕಿಗೆ ಅಮ್ಮ ಬೀದಿಗೆಲ್ಲ ಪೇಡ ಹಂಚಿದರು.

ನಾನೂ ಓದಿದ್ದೆ, ಸ್ವಾಮಿ! ಪೈಥಾಗೊರಸ್ ಪ್ರಮೇಯವನ್ನಂತೂ ಅಟ್ಟದ ಮೇಲೆ ಕದ್ದು ಕೂತು ಬಾಯಿಪಾಠ ಮಾಡಿದ್ದೆ. ಆದರೆ ಪೇಡ ತಿನ್ನುವ ಹೊತ್ತಿನಲ್ಲಿ ಅದನ್ನೆಲ್ಲ ಯಾರಾದರೂ ಹೇಳ್ತಾರಾ?

ಈಗಿನ ಮಕ್ಕಳಿಗೆ ಈ ಸುಖ ಇಲ್ಲ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಅಂತ ಒಂದಕ್ಕಿಂತ ಹೆಚ್ಚು ಅವಕಾಶ. ಒಂದು ಸಲ 'ಓದಿರಲಿಲ್ಲ' ಅಂದರೆ ಜನ ನಂಬುತ್ತಾರೆ. ಪ್ರತಿ ಸಲವೂ ಅದನ್ನೇ ಹೇಳಿದರೆ ಬುದ್ಧಿಯ ಮೇಲೇ ಅನುಮಾನ ಬರುತ್ತೆ.

ಕೆಲಸಕ್ಕೆ ಸೇರಿದ ಮೇಲೂ ಬಿರುದು ಬಿಡಲಿಲ್ಲ. ಅಪ್ರೈಸಲ್ ಬಂದಾಗಲೆಲ್ಲ ಮ್ಯಾನೇಜರ್ 'ನಿಮ್ಮಲ್ಲಿ ಪೊಟೆನ್ಶಿಯಲ್ ಇದೆ ಸಾರ್' ಅಂತಾರೆ. ಇಂಕ್ರಿಮೆಂಟ್ ಮಾತ್ರ ಪೊಟೆನ್ಶಿಯಲ್ ಇಲ್ಲದವರಿಗೇ ಹೋಗುತ್ತೆ. ಇರಲಿ. ಸಾಮರ್ಥ್ಯ ಅನ್ನೋದು ಲಾಕರಿನಲ್ಲಿಟ್ಟ ಒಡವೆ ಥರ, ಇದೆ ಅನ್ನೋ ಧೈರ್ಯವೇ ಸಾಕು. ಹಾಕಿಕೊಂಡು ಓಡಾಡಿದರೆ ತೂಕ ಎಷ್ಟು ಅಂತ ಜನ ಅಂದಾಜು ಮಾಡ್ತಾರೆ, ಅಲ್ವಾ?

ಮನೆಯಲ್ಲೂ ಹಾಗೇ ನಡೀತಿತ್ತು. 'ನಮ್ಮನೆಯವರು ಮನಸ್ಸು ಮಾಡಿದ್ರೆ ಅಡುಗೆ ಚೆನ್ನಾಗಿ ಮಾಡ್ತಾರೆ, ಮಾಡಲ್ಲ ಅಷ್ಟೇ' ಅಂತ ಹೆಂಡತಿ ನೆಂಟರಿಗೆಲ್ಲ ಹೇಳಿಕೊಂಡಿದ್ದಳು. ಮದುವೆಯಾದಾಗಿನಿಂದ ಕಾಪಾಡಿಕೊಂಡು ಬಂದಿದ್ದ ಹೆಸರು ಅದು. ಮೊನ್ನೆ ಭಾನುವಾರ ಭಾವ ಬಂದವರು ಬಿಡಲೇ ಇಲ್ಲ. 'ಇವತ್ತು ನಿಮ್ಮ ಕೈರುಚಿ ನೋಡೇ ಹೋಗೋದು' ಅಂತ ಕೂತರು. ಮನಸ್ಸು ಮಾಡಿದೆ. ಬಿಸಿಬೇಳೆಬಾತ್ ಮಾಡಿ, ಮೇಲೆ ತುಪ್ಪ ಸುರಿದು, ಬೂಂದಿ ಉದುರಿಸಿ ಬಡಿಸಿದೆ.

ಭಾವ ಎರಡು ತುತ್ತು ತಿಂದರು. ನೀರು ಕುಡಿದರು. ಆಮೇಲೆ ತಂಗಿಯ ಕಡೆ ತಿರುಗಿ, 'ಮೊಸರನ್ನ ಏನಾದ್ರೂ ಇದೆಯೇನಮ್ಮಾ?' ಅಂದರು.