ಇಂಗ್ಲಿಷ್ ತಪ್ಪಿಗೆ ಕನ್ನಡದ ಕಾರಣ

ಇಂಗ್ಲಿಷಿನಲ್ಲಿ ತಪ್ಪು ಬರೆದವರನ್ನು ನೋಡಿ ನಗುವ ಚಾಳಿ ನಮ್ಮಲ್ಲಿ ವಿಪರೀತವಾಗಿದೆ. ಯಾವುದೋ ಊರಿನ ಅಂಗಡಿಯ ಫಲಕ, ಯಾರದೋ ರಜೆ ಅರ್ಜಿ ಫೋಟೊ ಆಗಿ ಹರಿದಾಡುತ್ತದೆ, ಅದರ ಕೆಳಗೆ ಜನ ಸಾಲುಗಟ್ಟಿ ನಗುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ನನಗೆ ಆ ನಗು ಕಂಡರೆ ಸಿಟ್ಟು ಬರುತ್ತದೆ. ನಾನು ತಿದ್ದುವ ಉತ್ತರಪತ್ರಿಕೆಗಳಲ್ಲಿ ಕಾಣುವ ತಪ್ಪುಗಳಲ್ಲಿ ಬಹುಪಾಲು ದಡ್ಡತನದ ಗುರುತುಗಳಲ್ಲ. ತನ್ನ ಭಾಷೆಯ ವ್ಯಾಕರಣ ಮೈಗೂಡಿರುವ ಮಗು ಅದೇ ವ್ಯಾಕರಣದ ಮೇಲೆ ಇಂಗ್ಲಿಷ್ ಪದಗಳನ್ನು ಜೋಡಿಸುತ್ತದೆ. ತಪ್ಪು ಹುಟ್ಟುವುದು ಅಲ್ಲಿ. ಹಾಗಾಗಿ ಅದನ್ನು ತಿದ್ದುವ ದಾರಿಯೂ ಕನ್ನಡದ ಮೂಲಕವೇ ಹೋಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ.

ಉದ್ಯೋಗದ ಅರ್ಜಿಗಳಲ್ಲಿ ಎಲ್ಲರೂ ಕಂಡಿರುವ ವಾಕ್ಯವನ್ನೇ ತೆಗೆದುಕೊಳ್ಳಿ. 'ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್.' ಕನ್ನಡದಲ್ಲಿ ನಾವು '2015ರಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎನ್ನುತ್ತೇವೆ, 'ಹತ್ತು ವರ್ಷದಿಂದ ಇಲ್ಲಿ ಕೆಲಸ ಮಾಡುತ್ತಿದ್ದೇನೆ' ಎಂದೂ ಎನ್ನುತ್ತೇವೆ. ಎರಡಕ್ಕೂ 'ಇಂದ' ಎಂಬ ಒಂದೇ ಪ್ರತ್ಯಯ ಸಾಕು. ಇಂಗ್ಲಿಷ್ ಇಲ್ಲಿ ಎರಡು ದಾರಿ ಹಿಡಿಯುತ್ತದೆ. ಕೆಲಸ ಶುರುವಾದ ಹೊತ್ತನ್ನು ಹೇಳುವಾಗ 'ಸಿನ್ಸ್' ಬೇಕು, ಕಳೆದ ಅವಧಿ ಎಷ್ಟು ಎಂದು ಹೇಳುವಾಗ 'ಫಾರ್' ಬೇಕು. ಕ್ರಿಯಾಪದದಲ್ಲೂ ಹೀಗೆಯೇ. ಹಿಂದೆ ಶುರುವಾಗಿ ಈಗಲೂ ನಡೆಯುತ್ತಿರುವ ಕೆಲಸಕ್ಕೆ ನಮ್ಮಲ್ಲಿ 'ಮಾಡುತ್ತಿದ್ದೇನೆ' ಸಾಕಾದರೆ, ಅವರಿಗೆ 'ಹ್ಯಾವ್ ಬೀನ್ ವರ್ಕಿಂಗ್' ಬೇಕು. ಒಂದು ವಾಕ್ಯದಲ್ಲಿ ಎರಡು ತಪ್ಪು, ಎರಡಕ್ಕೂ ಕನ್ನಡದಲ್ಲಿ ಕಾರಣವಿದೆ. ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಪುಸ್ತಕ ಹಿಂದಿರುಗಿಸಿದರೆ ಮಗುವಿಗೆ ಈ ಕಾರಣ ಹೇಗೆ ತಿಳಿಯಬೇಕು?

'ನನ್ನ ಮೇಲೆ ಸಿಟ್ಟು' ಎನ್ನುವವರು 'ಆಂಗ್ರಿ ಆನ್ ಮಿ' ಎಂದು ಬರೆಯುತ್ತಾರೆ, ಇಂಗ್ಲಿಷಿಗೆ ಅಲ್ಲಿ 'ವಿತ್' ಬೇಕು. 'ಅವನೊಂದಿಗೆ ಮದುವೆ' ಎನ್ನುವವರು 'ಮ್ಯಾರೀಡ್ ವಿತ್' ಎಂದು ಬರೆಯುತ್ತಾರೆ, ಅಲ್ಲಿ 'ಟು' ಬೇಕು. 'ಅದರ ಬಗ್ಗೆ ಚರ್ಚಿಸಿದೆವು' ಎನ್ನುವವರು 'ಡಿಸ್ಕಸ್ ಅಬೌಟ್' ಎಂದು ಬರೆಯುತ್ತಾರೆ, ಅಲ್ಲಿ ಏನೂ ಬೇಡ. 'ಅವನ ಹೆಸರೇನು ಎಂದು ಗೊತ್ತಿಲ್ಲ' ಎಂಬಲ್ಲಿ ಕನ್ನಡ ಪ್ರಶ್ನೆಯನ್ನು ಇದ್ದಂತೆಯೇ ಉಳಿಸಿಕೊಂಡು 'ಎಂದು' ಸೇರಿಸುತ್ತದೆ. ಅದಕ್ಕೇ ನಮ್ಮವರು 'ಐ ಡೋಂಟ್ ನೋ ವಾಟ್ ಈಸ್ ಹಿಸ್ ನೇಮ್' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಪ್ರಶ್ನೆ ಇನ್ನೊಂದು ವಾಕ್ಯದ ಒಳಗೆ ಸೇರಿದರೆ ಪದಗಳು ಮಾಮೂಲಿ ಕ್ರಮಕ್ಕೆ ಮರಳಬೇಕು, 'ವಾಟ್ ಹಿಸ್ ನೇಮ್ ಈಸ್' ಎಂದಾಗಬೇಕು. 'ನಿನ್ನೆ ಅವನನ್ನು ನೋಡಿದ್ದೇನೆ' ನಮಗೆ ಸಹಜ. ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ' ಬಂದ ಕಡೆ 'ಹ್ಯಾವ್ ಸೀನ್' ಬರುವಂತಿಲ್ಲ, 'ಸಾ' ಎಂದೇ ಬರಬೇಕು.

ನನ್ನ ಮನಸ್ಸಿಗೆ ತುಂಬ ಹತ್ತಿರವಾದ ತಪ್ಪು ಇನ್ನೊಂದಿದೆ. 'ಮೈ ಫಾದರ್ ಆರ್ ಎ ಫಾರ್ಮರ್.' ತಂದೆಯನ್ನು 'ಇದ್ದಾನೆ' ಎನ್ನಲು ಆ ಮಗುವಿನ ಕೈ ಬರುವುದಿಲ್ಲ. 'ಇದ್ದಾರೆ' ಎಂಬ ಬಹುವಚನವನ್ನು ಹಾಗೆಯೇ ಇಂಗ್ಲಿಷಿಗೆ ತಂದಿದೆ. ಇಲ್ಲಿ ಕೇವಲ ಸುತ್ತು ಹಾಕಿ ಅಂಕ ಕಡಿಯುವುದು ಅನ್ಯಾಯ. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೆ ಗೌರವ ಸೂಚಿಸುವ ಕೆಲಸವಿಲ್ಲ, ಒಬ್ಬರಾದರೆ ರಾಷ್ಟ್ರಪತಿಗೂ 'ಈಸ್' ಎಂದು ಹೇಳಿಕೊಟ್ಟರೆ ಮಗು ಮತ್ತೆ ಎಡವುವುದಿಲ್ಲ.

ಹಾಗೆಂದು ಕನ್ನಡವನ್ನು ಅಡ್ಡಿ ಎಂದು ತಿಳಿಯಬೇಡಿ. ಎಷ್ಟೋ ಕಡೆ ಅದೇ ಕೈ ಹಿಡಿದು ನಡೆಸುತ್ತದೆ. 'ಐ ಡಿಡ್ ನಾಟ್ ವೆಂಟ್' ಎಂದು ಬರೆಯುವ ಮಗುವಿಗೆ, 'ನೀನು ಹೋದೆನಿಲ್ಲ ಎನ್ನುತ್ತೀಯಾ, ಹೋಗಲಿಲ್ಲ ಎನ್ನುತ್ತೀಯಾ?' ಎಂದು ಕೇಳಿ ನೋಡಿ. 'ಇಲ್ಲ' ಸೇರಿದಾಗ 'ಹೋದೆ' ಎಂಬ ಭೂತಕಾಲದ ರೂಪ ಕನ್ನಡದಲ್ಲೂ ನಿಲ್ಲುವುದಿಲ್ಲ. ಇಂಗ್ಲಿಷಿನಲ್ಲಿ ಭೂತಕಾಲವನ್ನು 'ಡಿಡ್' ಹೊತ್ತುಕೊಂಡ ಮೇಲೆ 'ಗೋ' ಬರಿಯ 'ಗೋ' ಆಗಿಯೇ ಉಳಿಯುತ್ತದೆ. ಒಮ್ಮೆ ಹೀಗೆ ಹೊಂದಿಸಿ ತೋರಿಸಿದರೆ ಬಾಯಿಪಾಠ ಬೇಕಾಗುವುದಿಲ್ಲ.

'ಎ' ಮತ್ತು 'ಆ್ಯನ್' ಬಳಕೆಯಲ್ಲಂತೂ ನಮ್ಮ ಲಿಪಿಯೇ ಗುರು. ಇಂಗ್ಲಿಷಿನ ಐದು ಸ್ವರಾಕ್ಷರಗಳನ್ನು ಹಿಡಿದು ನಿಯಮ ಕಲಿತವರು 'ಆ್ಯನ್ ಯೂನಿವರ್ಸಿಟಿ' ಎಂದು ಎಡವುತ್ತಾರೆ. ಆ ನಿಯಮ ಇರುವುದು ಉಚ್ಚಾರಣೆಗೆ, ಅಕ್ಷರಕ್ಕಲ್ಲ. ಪದವನ್ನು ಕನ್ನಡದಲ್ಲಿ ಬರೆದು ಮೊದಲ ಅಕ್ಷರ ನೋಡಿ. 'ಯೂನಿವರ್ಸಿಟಿ' ಎಂಬಲ್ಲಿ ಯಕಾರ, ಅದು ವ್ಯಂಜನ, ಆದ್ದರಿಂದ 'ಎ'. ಗಂಟೆಯ 'ಅವರ್' ಎಂಬಲ್ಲಿ ಅಕಾರ, ಅದು ಸ್ವರ, ಆದ್ದರಿಂದ 'ಆ್ಯನ್'. 'ಎಂಎಲ್‌ಎ' ಎಂಬಲ್ಲಿ ಎಕಾರ, ಅಲ್ಲಿಯೂ 'ಆ್ಯನ್'. ಎಚ್ಚರ ಬೇಕಾದದ್ದು 'ಒನ್' ಎಂಬಲ್ಲಿ. ನಾವು ಒಕಾರದಿಂದ ಬರೆದರೂ ಇಂಗ್ಲಿಷಿನವರ ಬಾಯಲ್ಲಿ ಅದು ವಕಾರದಿಂದ ಶುರುವಾಗುತ್ತದೆ, ಆದ್ದರಿಂದ 'ಎ ಒನ್ ವೇ ರೋಡ್'.

ಇಷ್ಟೆಲ್ಲ ಇರುವಾಗ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಮಾತನಾಡಿದರೆ ದಂಡ ಹಾಕುವ ಶಾಲೆಗಳನ್ನು ಏನೆನ್ನಬೇಕು? ಮಗುವಿಗೆ ಈಗಾಗಲೇ ಬಲವಾಗಿ ಗೊತ್ತಿರುವ ಭಾಷೆಯೊಂದಿದೆ. ಅದನ್ನು ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವುದು ಕಲಿಕೆಗೆ ಮಾಡುವ ದ್ರೋಹ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಅಷ್ಟು ಬೇಗ ಶುರುಮಾಡಿಯೂ ಎಸ್ಸೆಸ್ಸೆಲ್ಸಿ ಹೊತ್ತಿಗೆ ಮಕ್ಕಳು 'ಡಿಡ್ ನಾಟ್ ವೆಂಟ್' ಬರೆಯುತ್ತಿದ್ದರೆ, ಕಲಿಸುವ ನಾವು ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತಿಲ್ಲ ಎಂದೇ ಅರ್ಥ.

ಕಾಗುಣಿತದ ಮಾತೇ ಬೇರೆ. ಕನ್ನಡದಲ್ಲಿ ಹೆಚ್ಚುಕಡಿಮೆ ನುಡಿದಂತೆ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಬರಹ ಒಂದು ಕಾಲದಲ್ಲಿ ನಿಂತಿದೆ, ಉಚ್ಚಾರಣೆ ಮುಂದೆ ಹೋಗಿದೆ. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ಹೂಡಿದ. ಅಚ್ಚಿನ ಕಾರಣದಿಂದ ಕಾಗುಣಿತ ಮೆಲ್ಲಗೆ ಗಟ್ಟಿಯಾಗುತ್ತಿದ್ದ ಆ ಶತಮಾನಗಳಲ್ಲೇ ಅವರ ದೀರ್ಘಸ್ವರಗಳ ಉಚ್ಚಾರಣೆ ಬುಡಮೇಲಾಯಿತು. ಯೋಧ ಎಂಬರ್ಥದ 'ನೈಟ್' ಪದದ ಮೊದಲಿನ 'ಕೆ' ಒಂದು ಕಾಲದಲ್ಲಿ ಬಾಯಲ್ಲೂ ಇತ್ತು. ಇನ್ನು ಕೆಲವು ಅಕ್ಷರಗಳು ಎಂದೂ ಬಾಯಲ್ಲಿ ಇರಲೇ ಇಲ್ಲ. ಸಾಲ ಎಂಬರ್ಥದ 'ಡೆಟ್' ಫ್ರೆಂಚಿನಿಂದ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ, ಲ್ಯಾಟಿನ್ ಮೂಲ ತೋರಿಸಲು ಪಂಡಿತರು ಸೇರಿಸಿದರು. 'ಐಲ್ಯಾಂಡ್' ಪದದ 'ಎಸ್' ಅಂತೂ ಸಂಬಂಧವಿಲ್ಲದ ಪದದೊಂದಿಗೆ ನಂಟು ಕಲ್ಪಿಸಿ ಸೇರಿಸಿದ್ದು. ಇಂಗ್ಲಿಷರೇ ಮಾಡಿದ ಈ ತಪ್ಪು ಇಂದು ನಿಯಮ. ನಮ್ಮ ಹಳ್ಳಿಯ ಹುಡುಗಿ ಅದನ್ನು ಮರೆತರೆ ನಗುವ ಅಧಿಕಾರ ಯಾರಿಗೂ ಇಲ್ಲ.

ಆದರೆ ನೆನಪಿಡುವ ಉಪಾಯ ಇದೆ. ಉಚ್ಚರಿಸದ ಅಕ್ಷರ ಅನೇಕ ಸಲ ಅದೇ ಕುಟುಂಬದ ಇನ್ನೊಂದು ಪದದಲ್ಲಿ ಕೇಳಿಸುತ್ತದೆ. 'ಡೆಟ್' ಬರೆಯುವಾಗ ಕಿಸೆಯಲ್ಲಿರುವ ಡೆಬಿಟ್ ಕಾರ್ಡ್ ನೆನೆಯಿರಿ, 'ಬಿ' ಸಿಗುತ್ತದೆ. 'ಸೈನ್' ಪದದ 'ಜಿ' ಬೇಕಾದರೆ 'ಸಿಗ್ನೇಚರ್'. 'ಗವರ್ನ್‌ಮೆಂಟ್' ಪದದ ನಡುವಿನ 'ಎನ್' ಬಿಟ್ಟುಹೋಗುವವರಿಗೆ 'ಗವರ್ನರ್'. 'ಗ್ರಾಮರ್' ಕೊನೆಯ 'ಎಆರ್' ಬದಲು 'ಇಆರ್' ಹಾಕುವವರಿಗೆ 'ಗ್ರಮ್ಯಾಟಿಕಲ್'.

ಅಕ್ಷರ ಇಮ್ಮಡಿಯಾಗುವ ಕಡೆ ನಮಗೆ ನಿಜವಾಗಿಯೂ ಕಷ್ಟ. 'ರಿಫರ್ಡ್' ಎಂಬಲ್ಲಿ ಎರಡು 'ಆರ್', 'ಆಫರ್ಡ್' ಎಂಬಲ್ಲಿ ಒಂದೇ. 'ಬಿಗಿನಿಂಗ್' ಎಂಬಲ್ಲಿ ಎರಡು 'ಎನ್', 'ಓಪನಿಂಗ್' ಎಂಬಲ್ಲಿ ಒಂದೇ. ಇಂಥ ಪದಗಳಲ್ಲಿ ಮೂಲಪದದ ಕೊನೆಯ ಭಾಗವನ್ನು ಒತ್ತಿ ನುಡಿದರೆ ಅಕ್ಷರ ಇಮ್ಮಡಿಯಾಗುತ್ತದೆ, ಮೊದಲ ಭಾಗಕ್ಕೆ ಒತ್ತು ಬಿದ್ದರೆ ಇಲ್ಲ. ಕನ್ನಡದಲ್ಲಿ ಇಂಥ ಒತ್ತಿನಿಂದ ಬರಹ ಬದಲಾಗುವುದಿಲ್ಲವಾದ್ದರಿಂದ ನಮ್ಮ ಕಿವಿ ಅದನ್ನು ಗಮನಿಸುವುದೇ ಇಲ್ಲ. ನಿಘಂಟಿನಲ್ಲಿ ಅರ್ಥದ ಜೊತೆ ಒತ್ತಿನ ಗುರುತನ್ನೂ ನೋಡುವ ಅಭ್ಯಾಸ ಮಾಡಿಸಬೇಕು. 'ಟ್ರಾವೆಲಿಂಗ್' ಮಾತ್ರ ಬ್ರಿಟಿಷ್ ಬರಹದಲ್ಲಿ ಈ ನಿಯಮ ಮೀರಿ ಎರಡು 'ಎಲ್' ಇಟ್ಟುಕೊಂಡಿದೆ, ಅಮೆರಿಕದವರು ಒಂದೇ ಬರೆಯುತ್ತಾರೆ. ಎರಡೂ ಸರಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ. ನಿಗದಿಯಾದ ದಿನಕ್ಕಿಂತ ಮೊದಲೇ ಇಟ್ಟುಕೊಳ್ಳುವುದಕ್ಕೆ 'ಪ್ರಿಪೋನ್' ಎಂದವರನ್ನು ಹಂಗಿಸುವುದನ್ನೂ ನಿಲ್ಲಿಸಿ. ಇಂಗ್ಲೆಂಡಿನಲ್ಲಿ ಅಚ್ಚಾಗುವ ನಿಘಂಟುಗಳೇ ಅದನ್ನು ಭಾರತೀಯ ಬಳಕೆ ಎಂದು ಒಳಗೆ ಸೇರಿಸಿಕೊಂಡಿವೆ.

ಮೊಬೈಲ್ ಎಲ್ಲವನ್ನೂ ತಿದ್ದುತ್ತದೆಯಲ್ಲ ಎನ್ನುವವರಿದ್ದಾರೆ. ರಜೆ ಅರ್ಜಿಯಲ್ಲಿ ಪ್ರಾಂಶುಪಾಲರನ್ನು 'ಪಿಎಲ್‌ಇ' ಎಂದು ಕೊನೆಗೊಳ್ಳುವ ಪ್ರಿನ್ಸಿಪಲ್ ಎಂದು ಬರೆದರೆ ಅದು ತತ್ವಕ್ಕೆ ಬರೆದ ಅರ್ಜಿಯಾಗುತ್ತದೆ, ಆದರೂ ಮೊಬೈಲ್ ಹಲವು ಬಾರಿ ಸುಮ್ಮನಿರುತ್ತದೆ. 'ಫ್ರಮ್' ಇರಬೇಕಾದಲ್ಲಿ 'ಫಾರ್ಮ್', ಕಳೆದುಕೊಳ್ಳು, ಸಡಿಲ ಎಂಬ ಅರ್ಥಗಳ, ನಮ್ಮ ಬಾಯಲ್ಲಿ 'ಲೂಸ್' ಎಂದೇ ಆಗುವ ಎರಡು ಬೇರೆ ಬೇರೆ ಕಾಗುಣಿತದ ಪದಗಳು, ಎಲ್ಲವೂ ನಿಘಂಟಿನಲ್ಲಿ ಇರುವಂಥವೇ. ತಿದ್ದುವ ಕಣ್ಣು ಬರೆಯುವವರದೇ ಆಗಬೇಕು. ಅಂಗಡಿಯಲ್ಲಿ ಸಿಗುವ ತಪ್ಪುಗಳ ಪಟ್ಟಿಯ ಪುಸ್ತಕದ ಬದಲು ಪ್ರತಿ ಮಗು ತನ್ನದೇ ಒಂದು ಪುಟ್ಟ ಪುಸ್ತಕ ಇಡಲಿ. ಎಡಗಡೆ ತಾನು ಬರೆದ ತಪ್ಪು ವಾಕ್ಯ, ಬಲಗಡೆ ಸರಿಯಾದದ್ದು, ಕೆಳಗೆ ಅದರ ಕನ್ನಡ ರೂಪ. ಒಬ್ಬೊಬ್ಬರು ಮಾಡುವ ತಪ್ಪುಗಳ ಬಗೆ ಕೆಲವೇ, ಅವೇ ಮರಳಿ ಮರಳಿ ಬರುತ್ತವೆ.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ನಿಮ್ಮ ತರಗತಿಯಲ್ಲಿ ಪದೇ ಪದೇ ಕಾಣುವ ತಪ್ಪು ವಾಕ್ಯವನ್ನು ಅದರ ಹಿಂದಿರುವ ಕನ್ನಡ ವಾಕ್ಯದ ಜೊತೆ ಇಲ್ಲಿ ಬರೆಯಿರಿ. ಮಗುವಿನ ಹೆಸರಾಗಲಿ ಶಾಲೆಯ ಹೆಸರಾಗಲಿ ಬೇಡ. ಮಂಗಳೂರು, ಕಲಬುರಗಿ, ಧಾರವಾಡ, ಚಾಮರಾಜನಗರದ ಮಕ್ಕಳ ಮನೆಮಾತು ಬೇರೆ ಬೇರೆ, ತುಳು, ಉರ್ದು, ಕೊಂಕಣಿ, ಲಂಬಾಣಿ ಆಡುವ ಮಕ್ಕಳೂ ಇದ್ದಾರೆ. ಅವರ ತಪ್ಪುಗಳ ಕಾರಣ ಕನ್ನಡದ್ದೇ ಆಗಿರಬೇಕಿಲ್ಲ. ಅವನ್ನೂ ಬಲ್ಲವರು ಬರೆದರೆ ಎಲ್ಲವನ್ನೂ ಒಂದೆಡೆ ಸೇರಿಸಿ ಬೇಸಿಗೆ ರಜೆಯೊಳಗೆ ಹಂಚುತ್ತೇನೆ.